ಮಾಜಿ ಡ್ರೈವರ್ ಧರೆಪ್ಪನ ನಿಷ್ಪಕ್ಷಪಾತ

ಸೋಲಾಪುರದ ಶುಕ್ರವಾರ ಪೇಟೆಯಲ್ಲಿ ಧರೆಪ್ಪನ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಬಾಗಿಲ ನೆತ್ತಿಯ ಮೇಲೆ ಎರಡು ಮೊಳದ ಹಲಗೆ ತೂಗುತ್ತಿತ್ತು. ಅದರ ಮೇಲೆ ಕೆಂಪು ಬಣ್ಣದಲ್ಲಿ, ಮರಾಠಿಯಲ್ಲಿ, ‘ಧರೆಪ್ಪ, ಮಾಜಿ ಶರ್ಯತ್ತಿನ ಡ್ರೈವರ್’ ಎಂದು ಬರೆದಿತ್ತು. ಬರೆದ ಪೇಂಟರನಿಗೆ ಕನ್ನಡ ಬಾರದು. ಬರೆಸಿದ ಧರೆಪ್ಪನಿಗೆ ಅಕ್ಷರ ಯಾವುದಾದರೇನು, ಕೆಂಪಗಿದ್ದರೆ ಸಾಕು. ಶರ್ಯತ್ತು ಎಂದರೆ ಓಟದ ಪಂದ್ಯ. ಹಲಗೆ ಓದಿದವರು ಈತ ಇಪ್ಪತ್ತು ಮೂವತ್ತು ಪಂದ್ಯಗಳಲ್ಲಿ ಮೋಟಾರು ಓಡಿಸಿರಬೇಕೆಂದು ತಿಳಿಯುತ್ತಿದ್ದರು. ಓಡಿಸಿದ್ದು ಒಂದೇ, ಅದೂ ಹನ್ನೆರಡು ವರ್ಷದ ಹಿಂದೆ. ಆ ಪಂದ್ಯದಲ್ಲಿದ್ದ ಮೋಟಾರುಗಳು ಎರಡು, ಒಂದು ಧರೆಪ್ಪನದು, ಇನ್ನೊಂದು ಖಂಡಪ್ಪನದು. ಕುಂಭಾರಿಯ ತಿರುವಿನಲ್ಲಿ ಖಂಡಪ್ಪನ ಮೋಟಾರು ಜೋಳದ ಹೊಲಕ್ಕೆ ನುಗ್ಗಿತು, ಧರೆಪ್ಪ ಗೆದ್ದ. ಧರೆಪ್ಪನೇ ಒತ್ತಿಕೊಂಡು ಬಂದು ಹೊಲಕ್ಕೆ ತಳ್ಳಿದ ಎಂದು ಖಂಡಪ್ಪ ಹೇಳುತ್ತಿದ್ದ. ಬೆಳೆ ನೋಡುತ್ತ ನೋಡುತ್ತ ಖಂಡಪ್ಪನೇ ಇಳಿದ ಎಂದು ಧರೆಪ್ಪ ಹೇಳುತ್ತಿದ್ದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಮುಂದೆ ಧರೆಪ್ಪನ ಧಣಿ ಮೋಟಾರು ಮಾರಿದ, ಧರೆಪ್ಪ ನೂಲಿನ ಗಿರಣಿಯ ಗೇಟಿನಲ್ಲಿ ಜಮಾದಾರನಾದ. ಮೋಟಾರು ಇವನನ್ನು ಬಿಟ್ಟರೂ ಇವನು ಮೋಟಾರನ್ನು ಬಿಡಲಿಲ್ಲ. ಕುರ್ಚಿಯ ಮೇಲೆ ಕೂತರೆ ಬಲಗಾಲು ತಾನಾಗಿಯೇ ನೆಲ ಒತ್ತುತ್ತಿತ್ತು. ಎದುರಿಗೆ ಎಮ್ಮೆ ಬಂದರೆ ಕೈ ಗಾಳಿಯಲ್ಲಿ ಹಾರ್ನಿನ ಭೋಂಗಾ ಹುಡುಕುತ್ತಿತ್ತು. ಊಟಕ್ಕೆ ಕೂತಾಗ ಹೆಂಡತಿ ಗುರುಬಾಯಿ ಎಡಗಡೆಯಿಂದ ಬಡಿಸಲು ಬಂದರೆ, ತಿರುವು ಬಂದಂತೆ ಮೈಯನ್ನೇ ವಾಲಿಸುತ್ತಿದ್ದ. ಎರಡು ನಿಮಿಷ ಒಂದೆಡೆ ನೆಟ್ಟಗೆ ಕೂರಲಾರದ ಇಂಥ ಮನುಷ್ಯನನ್ನು ನ್ಯಾಯದ ಕುರ್ಚಿಯಲ್ಲಿ ಕೂರಿಸಬೇಕೆಂದು ೧೯೩೪ರ ಪುಷ್ಯ ಮಾಸದಲ್ಲಿ ಊರ ಹಿರಿಯರಿಗೆ ಹೊಳೆಯಿತು. ಹಿರಿಯರಿಗೆ ಏನು ಯಾವಾಗ ಹೊಳೆಯುತ್ತದೆ ಎನ್ನುವುದನ್ನು ಹೇಳಲು ಯಾರಿಗೂ ಸಾಧ್ಯವಿಲ್ಲ.

ಸಂಗತಿ ಇಷ್ಟೇ. ಶಾಂತಲಿಂಗಪ್ಪ ಸಾವುಕಾರರು ಸೋಲಾಪುರದಿಂದ ಅಕ್ಕಲಕೋಟಕ್ಕೆ ಮೋಟಾರು ಸರ್ವಿಸು ಸುರು ಮಾಡುವವರಿದ್ದರು. ಅವರಿಗೆ ಬೇಕಾದ ಡ್ರೈವರ್ ಒಬ್ಬ. ಕೇಳಿಕೊಂಡು ಬಂದವರು ಇಬ್ಬರು. ಒಬ್ಬ ನಾಗಣಸೂರಿನ ಶಿವಶರಣಪ್ಪ, ಧರೆಪ್ಪನ ಒಬ್ಬಳೇ ಮಗಳು ಕಲ್ಯಾಣಮ್ಮನ ಗಂಡ. ಇನ್ನೊಬ್ಬ ಕಲ್ಲಣ್ಣ, ಖಂಡಪ್ಪ ಸಾಕಿ ಬೆಳೆಸಿದ ಅವನ ಅಣ್ಣನ ಮಗ. ಇಬ್ಬರನ್ನೂ ಪೇಟೆಯಲ್ಲಿ ಒಂದು ಸುತ್ತು ಓಡಿಸಿ ನೋಡಿದ್ದರೆ ಮುಗಿಯುತ್ತಿತ್ತು. ಆದರೆ ಸಾವುಕಾರರಿಗೆ ಏನು ಮಾಡಿದರೂ ಹತ್ತು ಊರಿಗೆ ಕೇಳಿಸಬೇಕು. ಶರ್ಯತ್ತು ಇಡೋಣ, ಗೆದ್ದವನಿಗೆ ನೌಕರಿ ಎಂದರು.

ಶಿವಶರಣಪ್ಪ ಗೆದ್ದರೆ ಹೆಂಡತಿಯನ್ನು ಕರೆದುಕೊಂಡು ಶುಕ್ರವಾರ ಪೇಟೆಗೇ ಬಂದು ನಿಲ್ಲುವವನು. ಸೋತರೆ ಮುಂಬಯಿಯಲ್ಲಿ ಲಾರಿ ಓಡಿಸುವ ಕೆಲಸ ಅವನಿಗಾಗಿ ಕಾದಿತ್ತು. ಗುರುಬಾಯಿಗೆ ಮುಂಬಯಿ ಎಂದರೆ ಮಗಳನ್ನು ಸಮುದ್ರಕ್ಕೇ ಕಳಿಸಿದಂತೆ. ಅವಳು ಶರ್ಯತ್ತಿನ ಸುದ್ದಿ ಕೇಳಿದ ದಿನವೇ ನಾಲ್ಕು ಮನೆ ಆಚೆಗಿನ ಖಾಲಿ ಕೋಣೆಗೆ ಸುಣ್ಣ ಬಳಿಸಿ, ಒಲೆ ಕೂಡ ಹಾಕಿಸಿಬಿಟ್ಟಳು.

ಗೆಲುವು ಸೋಲು ತೀರ್ಮಾನಿಸುವ ಪಂಚ ಯಾರಾಗಬೇಕು ಎನ್ನುವ ಚರ್ಚೆ ಚಹಾದ ಹೋಟೆಲಿನಲ್ಲಿ ನಡೆಯಿತು. ಸಾವುಕಾರರು ಬಾಗಿಲ ಮೇಲಿನ ಹಲಗೆಯನ್ನು ನೆನೆಸಿಕೊಂಡು ಧರೆಪ್ಪನ ಹೆಸರು ಹೇಳಿದರು. ಸಾಲೆಯ ಮಾಸ್ತರ ವಿಶ್ವನಾಥರಾಯರು ಬಸಿಯನ್ನು ಕೆಳಗಿಟ್ಟರು.

‘ಅದು ಹ್ಯಾಂಗ ನಡೀತದರಿ ಸಾವ್ಕಾರ್ರ? ಒಮ್ಮೆ ಶರ್ಯತ್ತು ಓಡಿಸಿದಾಂವ ಅಂದ್ರ ಅವನ ಮನಸು ಹೋಗಿ ಯಾವುದರೆ ಒಂದು ಮೋಟಾರಿನಾಗ ಕೂತೇ ಕೂಡ್ತದ. ಅದರಾಗ ಒಂದು ಅಳಿಯನ ಮೋಟಾರು, ಒಂದು ವೈರಿಯ ಮೋಟಾರು!’

‘ಹಂಗಂದ್ರ ಕುಸ್ತಿಗಿ ನೀವು ಭಟ್ಟರನ್ನ ಪಂಚ ಮಾಡ್ತೀರೇನ್ರಿ ಮಾಸ್ತರ? ಮಣ್ಣು ಮುಟ್ಟಿದಾಂವಗ ಗೊತ್ತು ಬೆನ್ನು ನೆಲಕ್ಕ ಹತ್ತೇತೋ ಇಲ್ಲೋ,’ ಎಂದರು ಸಾವುಕಾರರು.

‘ತನ್ನ ತಾಲೀಮಿನ ಹುಡುಗನ ಬೆನ್ನು ಹತ್ತಿದ್ದು ಆ ಪೈಲವಾನಗ ಕಾಣೂದಽ ಇಲ್ಲರಿ. ಎದುರಿನವನ ಬೆನ್ನು ನೆಲದಿಂದ ಮೊಳ ಮ್ಯಾಲಿದ್ದರೂ ಹತ್ತೇದ ಅಂತಾನ.’

ಮೂಲೆಯ ಬಾಕಿನ ಮೇಲೆ ಕೂತು ಕಾಲಲ್ಲಿ ನೆಲ ಒತ್ತುತ್ತಿದ್ದ ಧರೆಪ್ಪ ಎದ್ದು ನಿಂತ. ಇಂಥ ಹೊತ್ತಿನಲ್ಲಿ ಸುಮ್ಮನಿರುವವನು ಬದುಕಿಕೊಳ್ಳುತ್ತಾನೆ. ಧರೆಪ್ಪ ಸುಮ್ಮನಿರಲಿಲ್ಲ.

‘ಮಾಸ್ತರ, ನಾ ಪಂಚನ ಖುರ್ಚಿ ಮ್ಯಾಲ ಕುಂತೆ ಅಂದ್ರ ನನಗ ಅಳಿಯನೂ ಇಲ್ಲ, ವೈರಿನೂ ಇಲ್ಲ. ಈ ಕಡೆಯವ್ರಿಗಿ ಏನು ಮಾಡ್ತೀನೋ, ಅದನ್ನಽ ಆ ಕಡೆಯವ್ರಿಗಿ ಮಾಡ್ತೀನಿ. ತಕ್ಕಡಿ ತಂದು ತೂಗ್ರಿ, ಒಂದು ಗುಂಜಿ ಹೆಚ್ಚು ಕಡಿಮಿ ಆಗೂದಿಲ್ಲ!’

ಹೋಟೆಲೆಲ್ಲ ಚಪ್ಪಾಳೆ ಹೊಡೆಯಿತು. ಖಂಡಪ್ಪನೂ ಅಲ್ಲೇ ಇದ್ದ. ಧರೆಪ್ಪನೊಡನೆ ಮಾತಿಲ್ಲವಾದ್ದರಿಂದ ಹೋಟೆಲಿನ ಗೋಡೆಗೆ ಹೇಳಿದ: ‘ಆಗ್ಲಿ ಬಿಡ್ರಿ. ಇವನೌನ, ಹೆಂಥಾ ಪಕ್ಷಪಾತ ಮಾಡ್ತಾನ ಅನ್ನೂದು ಊರಿಗೆಲ್ಲ ಕಾಣ್ಲಿ.’

ಅಲ್ಲಿಯೇ ನಿಯಮಗಳು ತಯಾರಾದವು. ಸಾವುಕಾರರ ಎರಡು ಮೋಟಾರು ಸೋಲಾಪುರದ ಸುಂಕದ ನಾಕಾದಿಂದ ಒಟ್ಟಿಗೆ ಹೊರಡಬೇಕು. ನಡುದಾರಿಯ ವಳಸಂಗದಲ್ಲಿ ಪಂಚನ ಮುಂದೆ ನಿಂತು, ಇಂಜಿನ್ ಬಂದ್ ಮಾಡಿ, ಚೀಟಿ ಪಡೆದು, ಮತ್ತೆ ಹ್ಯಾಂಡಲ್ ಹೊಡೆದು ಹೋಗಬೇಕು. ಅಕ್ಕಲಕೋಟದ ನಾಕಾ ಮೊದಲು ಮುಟ್ಟಿದವನು ಗೆದ್ದ. ದಾರಿಯಲ್ಲಿ ಯಾವ ಹೊರಗಿನವನೂ ಮೋಟಾರಿಗೆ ಕೈ ಹಚ್ಚಕೂಡದು. ಹಚ್ಚಿದರೆ ಆ ಮೋಟಾರು ಬಾದ್, ಪಂದ್ಯದಿಂದಲೇ ಹೊರಗೆ. ಈ ಕೊನೆಯ ನಿಯಮವನ್ನು ಮೇಜು ಗುದ್ದಿ ಸೇರಿಸಿದವನು ಧರೆಪ್ಪನೇ.

ಮರುದಿನ ಬೆಳಿಗ್ಗೆ ಶಿವಶರಣಪ್ಪ ನಾಗಣಸೂರಿನಿಂದ ಸೀತನಿಯ ಹೊರೆ ತಂದ. ಎಳೆ ಜೋಳದ ತೆನೆಯನ್ನು ಬೆಂಕಿಯಲ್ಲಿ ಸುಟ್ಟು, ಉದುರಿಸಿ, ಶೇಂಗಾ ಚಟ್ನಿಯ ಜೊತೆ ತಿನ್ನುವ ದಿನಗಳವು, ವರ್ಷವೂ ತರುತ್ತಿದ್ದ. ಧರೆಪ್ಪ ಬಾಗಿಲಲ್ಲೇ ಎರಡೂ ಕೈ ಅಡ್ಡ ಹಿಡಿದ.

‘ಅಳಿಯಂದ್ರ, ಸೀತನಿ ವಾಪಸ್ ಒಯ್ರಿ.’

‘ಯಾಕ್ರಿ ಮಾವಾರ? ಹುಳ ಬಿದ್ದಾವೇನು?’

‘ನಾ ಪಂಚ ಅದೀನ್ರಿ.’

ಶಿವಶರಣಪ್ಪ ಹೊರೆ ಹೊತ್ತುಕೊಂಡು ವಾಪಸು ಹೊರಟದ್ದನ್ನು ಎದುರು ಮನೆಯ ಕಾಶೀಬಾಯಿ ನೋಡಿದಳು. ಕಾಶೀಬಾಯಿ ನೋಡಿದ್ದು ಮಧ್ಯಾಹ್ನದೊಳಗೆ ಫೌಜದಾರ ಚಾವಡಿಯವರೆಗೆ ಹೋಗುತ್ತಿತ್ತು. ಸಂಜೆಗೆ ಖಂಡಪ್ಪನ ಕಿವಿ ಮುಟ್ಟುವ ಹೊತ್ತಿಗೆ ಸುದ್ದಿ ಹೀಗಾಗಿತ್ತು: ಒಂದು ಹೊರೆ ಸಾಲದು, ಗಾಡಿ ತುಂಬ ತಾ ಎಂದು ಧರೆಪ್ಪ ಅಳಿಯನನ್ನು ಅಟ್ಟಿದ್ದಾನೆ. ಖಂಡಪ್ಪ ಬಿಡುವವನೇ? ಮರುದಿನವೇ ಮಂದ್ರೂಪದ ಹೊಲದಿಂದ ಗಾಡಿ ತುಂಬ ಸೀತನಿ ತರಿಸಿ ಧರೆಪ್ಪನ ಬಾಗಿಲಲ್ಲಿ ಸುರಿಸಿದ.

ಧರೆಪ್ಪ ಗಿರಣಿಯಿಂದ ಬಂದಾಗ ಅಂಗಳದಲ್ಲಿ ಸೀತನಿಯ ಗುಡ್ಡ. ನಡುವೆ ಗುರುಬಾಯಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ವೈರಿಯದನ್ನು ಇಳಿಸಿಕೊಂಡ ಮೇಲೆ ಅಳಿಯನದನ್ನೂ ಇಳಿಸಿಕೊಳ್ಳಬೇಕು, ನ್ಯಾಯವೆಂದರೆ ನ್ಯಾಯ. ನಾಗಣಸೂರಿಗೆ ಆಳು ಓಡಿತು. ಅಲ್ಲಿಂದಲೂ ಒಂದು ಗಾಡಿ ಬಂತು. ಧರೆಪ್ಪ ಈ ರಾಶಿಯಿಂದ ಒಂದು ತೆನೆ, ಆ ರಾಶಿಯಿಂದ ಒಂದು ತೆನೆ ತೆಗೆದು, ಕಾಳು ಎಣಿಸಿ ತಿನ್ನತೊಡಗಿದ.

‘ತಿನ್ರಿ, ತಿನ್ರಿ,’ ಎಂದಳು ಗುರುಬಾಯಿ. ‘ಮಗಳು ಮುಂಬೈಗಿ ಹೋದ ಮ್ಯಾಲೂ ಹಿಂಗಽ ಕಾಳು ಎಣಿಸ್ಕೋತ ಕುಂಡ್ರುವಂತ್ರಿ.’

ಬೀದಿಯಲ್ಲಿ ಇನ್ನೊಂದು ಪೇಚು. ಅಳಿಯ ಎದುರಾಗಿ ನಮಸ್ಕಾರ ಮಾಡಿದ, ಧರೆಪ್ಪ ಮರೆತು ಕೈಯೆತ್ತಿದ. ಎತ್ತಿದ ಕೈಯನ್ನು ಇಳಿಸದೆಯೇ ಅರ್ಧ ಮೈಲಿ ಓಡಿ, ಹಜಾಮನ ಮುಂದೆ ಮುಖಕ್ಕೆ ಸಾಬೂನು ಬಳಿಸಿಕೊಂಡು ಕೂತಿದ್ದ ಕಲ್ಲಣ್ಣನಿಗೂ ನಮಸ್ಕಾರ ಮಾಡಿ ಬಂದ. ಕಲ್ಲಣ್ಣ ಬೆಚ್ಚಿ ಗಲ್ಲ ಕೊಯ್ಸಿಕೊಂಡ. ಸಂಜೆಗೆಲ್ಲ ಪಂಚನು ಖಂಡಪ್ಪನ ಹುಡುಗನ ಮೇಲೆ ಹಲ್ಲೆ ಮಾಡಿಸಿದನೆಂದು ಪೇಟೆಯಲ್ಲಿ ಮಾತಾಯಿತು.

ಶರ್ಯತ್ತಿನ ದಿನ ವಳಸಂಗದ ಬೇವಿನ ಗಿಡದ ಕೆಳಗೆ ಪಂಚನ ಕುರ್ಚಿ ಹಾಕಿದರು. ಪಕ್ಕದಲ್ಲಿ ಕೈಗಡಿಯಾರ ಹಿಡಿದು ವಿಶ್ವನಾಥರಾಯರು. ಸುತ್ತ ಮೂರು ಹಳ್ಳಿಯ ಜನ. ಗುರುಬಾಯಿ ಸ್ವಾಮಿಗಳ ದರ್ಶನದ ನೆವ ಹೇಳಿ ಮಗಳನ್ನು ಕರೆದುಕೊಂಡು ಹಿಂದಿನ ದಿನವೇ ಅಕ್ಕಲಕೋಟ ಸೇರಿದ್ದಳು. ಸಾವುಕಾರರೂ ಖಂಡಪ್ಪನೂ ಅಲ್ಲಿಯೇ ನಾಕಾದಲ್ಲಿ ಕಾಯುತ್ತಿದ್ದರು.

‘ನೀವು ರಸ್ತೆಗೆ ಬೆನ್ನು ಮಾಡಿ ಕೂಡ್ರಿ,’ ಎಂದರು ಮಾಸ್ತರರು. ‘ಯಾರ ಮೋಟಾರು ಅಂತ ಕಾಣಲಿಲ್ಲ ಅಂದ್ರ ಪಕ್ಷಪಾತ ಹ್ಯಾಂಗ ಮಾಡ್ತೀರಿ?’

ಧರೆಪ್ಪ ಒಪ್ಪಿ ಹೊಲದ ಕಡೆ ಮುಖ ಮಾಡಿ ಕೂತ. ಗಳಿಗೆ ಹೊತ್ತಾಯಿತು. ದೂರದಲ್ಲಿ ಗುರುಗುರು ಸದ್ದು ಕೇಳಿದ್ದೇ ತಡ, ಅವನ ಕಿವಿ ನಿಮಿರಿತು.

‘ಕಲ್ಲಣ್ಣನ ಮೋಟಾರು. ಎರಡನೇ ಪ್ಲಗ್ಗು ಕೆಮ್ಮಾಕತ್ತೈತಿ.’

‘ನೀವು ನೋಡಬಾರದರಿ!’

‘ನಾ ಎಲ್ಲಿ ನೋಡೀನಿ? ಕಿವಿಗೆ ಬೆನ್ನು ಮಾಡಾಕ ಬರ್ತೈತೇನ್ರಿ?’

ಕಲ್ಲಣ್ಣ ಧೂಳೆಬ್ಬಿಸಿಕೊಂಡು ಬಂದು ನಿಂತ, ಇಂಜಿನ್ ಬಂದ್ ಮಾಡಿದ, ಚೀಟಿ ಪಡೆದ. ಮುಂದೆ ಹೋಗಿ ಹ್ಯಾಂಡಲ್ ಹೊಡೆದ. ಇಂಜಿನ್ ಒಮ್ಮೆ ಸೀನಿ ಸುಮ್ಮನಾಯಿತು. ಎರಡನೆಯ ಸಲ ಹೊಡೆದ, ಮತ್ತೆ ಸೀನಿತು. ಧರೆಪ್ಪನ ಬಲಗಾಲು ನೆಲವನ್ನು ಕೆರೆಯಿತು. ಕಲ್ಲಣ್ಣ ಮೂರನೆಯ ಸಲ ಹ್ಯಾಂಡಲಿಗೆ ಬಗ್ಗುವಷ್ಟರಲ್ಲಿ ಪಂಚನ ಕುರ್ಚಿ ಖಾಲಿಯಾಗಿತ್ತು. ಧರೆಪ್ಪ ಬಾನೆಟ್ಟಿನೊಳಗೆ ತಲೆ ತೂರಿಸಿ, ಪಾನಾ ಹಿಡಿದು ಪ್ಲಗ್ಗು ಬಿಚ್ಚುತ್ತಿದ್ದ.

‘ಧರೆಪ್ಪ! ಏನು ಮಾಡ್ಲಿಕತ್ತೀರಿ!’ ಎಂದು ಮಾಸ್ತರರು ಚೀರಿದರು. ‘ಹೊರಗಿನವರು ಕೈ ಹಚ್ಚಬಾರದು!’

ಧರೆಪ್ಪನಿಗೆ ಅದು ಕೇಳಿಸಿದ್ದು ಪ್ಲಗ್ಗನ್ನು ಧೋತರದ ಅಂಚಿನಲ್ಲಿ ಒರೆಸಿ, ಮತ್ತೆ ಬಿಗಿದು, ಬಾನೆಟ್ಟು ಮುಚ್ಚಿದ ಮೇಲೆ. ಆಗ ಅವನ ಮುಖ ಸುಣ್ಣವಾಯಿತು. ಕಲ್ಲಣ್ಣ ಒಂದೇ ಏಟಿಗೆ ಇಂಜಿನ್ ಎಬ್ಬಿಸಿ ಹಾರಿ ಕೂತು ಹೊರಟೇ ಹೋದ. ಅವನ ಧೂಳು ಅಡಗುವ ಮೊದಲೇ ಶಿವಶರಣಪ್ಪನ ಮೋಟಾರು ಬಂದು ನಿಂತಿತು.

ಚೀಟಿ ಪಡೆದು ಅವನು ಹ್ಯಾಂಡಲ್ ಹೊಡೆದ. ಮೊದಲ ಏಟಿಗೇ ಇಂಜಿನ್ ಸದ್ದು ಹಿಡಿಯಿತು. ಆ ಮೋಟಾರಿಗೆ ಏನೂ ಆಗಿರಲಿಲ್ಲ. ಧರೆಪ್ಪ ಮೋಟಾರಿನ ಮುಂದೆ ಅಡ್ಡ ನಿಂತು ಎರಡೂ ಕೈ ಎತ್ತಿದ.

‘ಬಂದ್ ಮಾಡ್ರಿ ಅಳಿಯಂದ್ರ! ಪ್ಲಗ್ಗು ಬಿಚ್ಚಬೇಕು.’

‘ಮಾವಾರ, ಮೋಟಾರು ಚಾಲೂ ಐತ್ರಿ!’

‘ಚಾಲೂ ಇದ್ದರೇನಾತು? ಆ ಕಡೆಯವ್ರಿಗಿ ಬಿಚ್ಚೀನಿ, ಈ ಕಡೆಯವ್ರಿಗೂ ಬಿಚ್ಚಬೇಕು. ಮಾತು ಕೊಟ್ಟೀನಿ!’

‘ಹುಚ್ಚು ಹಿಡಿದೈತೇನ್ರಿ ನಿಮಗ? ಅವ ಮುಂದ ಹೊಂಟಾನ!’

ಜನ ಎರಡು ಪಾಲಾಯಿತು. ಬಿಚ್ಚಲಿ ಎಂದು ಅರ್ಧ ಜನ, ಬಿಡಲಿ ಎಂದು ಅರ್ಧ ಜನ. ಧರೆಪ್ಪ ಯಾರ ಮಾತನ್ನೂ ಕೇಳದೆ ಇಂಜಿನ್ ಬಂದ್ ಮಾಡಿಸಿ, ಹೊಳೆಯುತ್ತಿದ್ದ ಪ್ಲಗ್ಗನ್ನು ಬಿಚ್ಚಿ, ಧೋತರದ ಇನ್ನೊಂದು ಅಂಚಿನಲ್ಲಿ ಒರೆಸಿದ. ಅಳಿಯ ಸ್ಟಿಯರಿಂಗಿಗೆ ಹಣೆ ಹಚ್ಚಿ ಕೂತಿದ್ದ. ಮರಳಿ ಬಿಗಿದದ್ದೇ ತಡ, ಹಿಂದೆ ನೋಡದೆ ಮೋಟಾರು ಬಿಟ್ಟ. ಧರೆಪ್ಪನೂ ಮಾಸ್ತರರೂ ಸಾವುಕಾರರು ಇರಿಸಿದ್ದ ಮೂರನೆಯ ಮೋಟಾರಿನಲ್ಲಿ ಹಿಂದೆ ಹೊರಟರು. ದಾರಿಯಲ್ಲಿ ಮಾಸ್ತರರು ವಳಸಂಗದಲ್ಲಿ ಗಡಿಯಾರ ನೋಡಿ ಹಿಡಿದಿಟ್ಟಿದ್ದನ್ನು ಕಾಗದದ ಮೇಲೆ ಬರೆದುಕೊಂಡರು, ಧರೆಪ್ಪ ಕುಕ್ಕರಿಸಿದಲ್ಲಿಯೇ ಎದ್ದು ಎದ್ದು ಕೂರುತ್ತಿದ್ದ.

ಅಕ್ಕಲಕೋಟದ ನಾಕಾ ಮುಟ್ಟುವಷ್ಟರಲ್ಲಿ ಅಲ್ಲಿ ಗುಲಾಲು ಹಾರಿ ಮುಗಿದಿತ್ತು. ಶಿವಶರಣಪ್ಪ ದಾರಿಯಲ್ಲಿ ಕಲ್ಲಣ್ಣನನ್ನು ಹಿಂದೆ ಹಾಕಿ ಅರ್ಧ ನಿಮಿಷ ಮೊದಲು ಬಂದು ಗೆದ್ದಿದ್ದ. ಗುರುಬಾಯಿ ಮಗಳ ಗಲ್ಲ ಸವರಿ ನೆಟಿಗೆ ಮುರಿಯುತ್ತಿದ್ದಳು. ಕಲ್ಯಾಣಮ್ಮ ತಂದೆಯನ್ನು ಕಂಡು ಓಡಿ ಬಂದು ಅವನ ತೋಳು ಹಿಡಿದಳು.

‘ಅಪ್ಪಾ, ಇನ್ನ ಮುಂಬೈ ಇಲ್ಲ. ದಿನಾ ಮುಂಜಾನಿ ನಿನ್ನ ಚಹಾ ನಮ್ಮ ಮನ್ಯಾಗ.’

ಇನ್ನೊಂದು ಕಡೆ ಖಂಡಪ್ಪ ರುಮಾಲು ತೆಗೆದು ನೆಲಕ್ಕೆ ಬಡಿಯುತ್ತಿದ್ದ. ಪಂಚ ಮೋಟಾರಿಗೆ ಕೈ ಹಚ್ಚಿದನೆಂಬ ಸುದ್ದಿ ಇಬ್ಬರು ಡ್ರೈವರರ ಬಾಯಿಂದಲೂ ಆಗಲೇ ಹೊರಬಿದ್ದಿತ್ತು.

‘ಹೊರಗಿನಾವ ಕೈ ಹಚ್ಯಾನ! ಅಳಿಯನ ಮೋಟಾರು ಬಾದ್ ಮಾಡ್ರಿ!’

‘ನಿಮ್ಮದಕ್ಕೂ ಹಚ್ಯಾನಲ್ಲಪಾ,’ ಎಂದರು ಸಾವುಕಾರರು. ‘ಪಂಚ ಅಂದಮ್ಯಾಲ ಅವ ಹೊರಗಿನಾವ ಹೆಂಗಾಗ್ತಾನ? ಇಬ್ಬರಿಗೂ ಹಚ್ಯಾನ, ಬರೋಬರ್ ಆತು. ಧರೆಪ್ಪ, ನೀ ಒಂದು ಮಾತು ಹೇಳಿ ಮುಗಿಸು. ಗೆದ್ದವ್ರು ಯಾರು?’

ಒಂದೇ ಮಾತು ಸಾಕಾಗಿತ್ತು, ಮೊದಲು ಮುಟ್ಟಿದವ ಗೆದ್ದ ಎಂದು. ಮಾತು ನಾಲಗೆಯ ತುದಿಗೆ ಬಂದಿತ್ತು. ಆಗ ಮಾಸ್ತರರು ತಮ್ಮ ಕಾಗದವನ್ನು ಧರೆಪ್ಪನ ಮೂಗಿನ ಮುಂದೆ ಹಿಡಿದರು. ಬೇರೆಯವರಿಗೆ ತೋರಿಸಲಿಲ್ಲ; ಮಾಸ್ತರರು ಕೆಟ್ಟವರಲ್ಲ. ಕಾಗದದಲ್ಲಿ ಇದ್ದದ್ದು ಎರಡೇ ಅಂಕಿ. ಕಲ್ಲಣ್ಣನ ಪ್ಲಗ್ಗಿಗೆ ಧರೆಪ್ಪ ತೆಗೆದುಕೊಂಡದ್ದು ನಾಲ್ಕು ನಿಮಿಷ. ಅಳಿಯನ ಪ್ಲಗ್ಗಿಗೆ ಎರಡು.

ಧರೆಪ್ಪ ಆ ಅಂಕಿಗಳನ್ನು ನೋಡಿದ, ಆಮೇಲೆ ತನ್ನ ಕೈಗಳನ್ನು ನೋಡಿದ. ಎರಡೂ ಕಡೆ ಅದೇ ಪಾನಾ, ಅದೇ ಧೋತರ, ಬಿಚ್ಚಿದ್ದೂ ಬಿಗಿದದ್ದೂ ಒಂದೇ ಥರ. ಬಾಯಿ ಗುಂಜಿಯಷ್ಟೂ ಹೆಚ್ಚುಕಡಿಮೆ ಮಾಡುವುದಿಲ್ಲ ಎಂದಿತ್ತು. ಕೈಗಳು ಯಾರನ್ನೂ ಕೇಳದೆ ಮಗಳ ಕಡೆ ಎರಡು ನಿಮಿಷ ಸೇರಿಕೊಂಡುಬಿಟ್ಟಿದ್ದವು. ಅವನಿಗೆ ತುಂಬ ನಾಚಿಕೆಯಾಯಿತು. ತೋಳು ಹಿಡಿದಿದ್ದ ಮಗಳ ಮುಖ ನೋಡಿದರೆ ಹೇಳಲಾರೆ ಎಂದು ತಿಳಿದು ಕಣ್ಣು ಮುಚ್ಚಿಕೊಂಡ.

‘ಕಲ್ಲಣ್ಣ ಗೆದ್ದಾನ,’ ಎಂದ.

ಗುರುಬಾಯಿ ಅಲ್ಲೇ ನೆಲಕ್ಕೆ ಕುಸಿದಳು. ಶಿವಶರಣಪ್ಪ ಬಾಯಿ ತೆರೆದವನು ಮುಚ್ಚಲೇ ಇಲ್ಲ.

‘ನಾ ಕಲ್ಲಣ್ಣನ ನಾಲ್ಕು ನಿಮಿಷ ಹಾಳು ಮಾಡೀನಿ. ಇನ್ನೊಂದು ಹ್ಯಾಂಡಲ್ ಹೊಡದಿದ್ರ ಅವನ ಮೋಟಾರು ತಾನಽ ಚಾಲೂ ಆಗ್ತಿತ್ತು. ನನ್ನ ಕೈ ತಡೀಲಿಲ್ಲ. ಅಳಿಯಂದು ಎರಡಽ ನಿಮಿಷ ಹಾಳು ಮಾಡೀನಿ. ಅಂದ್ರ ಕಲ್ಲಣ್ಣ ಒಂದೂವರಿ ನಿಮಿಷ ಮುಂದ ಅದಾನ. ನೌಕರಿ ಅವಂದು.’

ಸಾವುಕಾರರು ಕಲ್ಲಣ್ಣನ ಕೊರಳಿಗೆ ಹಾಕಲು ಹಾರ ಎತ್ತಿದರು. ಕಲ್ಲಣ್ಣ ಕೊರಳು ಚಾಚಿದ. ಅಷ್ಟರಲ್ಲಿ ಖಂಡಪ್ಪ ನಡುವೆ ಕೈ ಹಾಕಿದ.

‘ತಡೀರಿ ಸಾವ್ಕಾರ್ರ.’

ಅವನು ಧರೆಪ್ಪನ ಸುತ್ತ ಒಂದು ಸುತ್ತು ನಿಧಾನವಾಗಿ ತಿರುಗಿ ಬಂದ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಧರೆಪ್ಪನ ಮುಖಕ್ಕೇ ಮಾತಾಡಿದ.

‘ಲೇ ಧರೆಪ್ಪ, ನನ್ನ ಮಾರಿ ನೋಡಿದ್ರ ಮುಖ ತಿರುವಾಂವ ನೀ. ಒಬ್ಬಾಕಿ ಮಗಳನ್ನ ಮುಂಬೈಗಿ ಅಟ್ಟಿ ನಮ್ಮ ಹುಡುಗಗ ನೌಕರಿ ಕೊಡಸ್ತೀ? ಯಾಕ?’

‘ಖರೇ ಅವಽ ಗೆದ್ದಾನೋ ಖಂಡಪ್ಪ.’

‘ಖರೇ ಅಂತ ಖರೇ! ನೀ ಬಾನೆಟ್ಟಿನ್ಯಾಗ ತಲಿ ಹಾಕಿ ಏನು ನೋಡೀದಿ, ಅದನ್ನ ಹೇಳು. ಸಾವ್ಕಾರ್ರ ಮೋಟಾರಿನ್ಯಾಗ ಏನೋ ಖೋಟ ಐತಿ. ನಾಳೆ ನಡುದಾರ್ಯಾಗ ಫಡ್ ಅಂದು ನಮ್ಮ ಹುಡುಗನ ಕೈಕಾಲು ಮುರೀಬೇಕು, ಹೌದಿಲ್ಲೋ?’

‘ಏನೂ ಖೋಟ ಇಲ್ಲೋ ಮಾರಾಯಾ! ಕೈಮುಗೀತೀನಿ, ನೌಕರಿ ತಗೋ!’

‘ನೋಡ್ರಿ, ನೋಡ್ರಿ! ಕೈಮುಗ್ಯಾಕತ್ಯಾನ! ಎಂದಾದ್ರೂ ಮುಗದಿದ್ನೇನು?’

ಧರೆಪ್ಪ ಆಣೆ ಹಾಕಿದ. ಖಂಡಪ್ಪನ ಸಂಶಯ ಮೊಣಕಾಲಿನಿಂದ ಸೊಂಟಕ್ಕೆ ಏರಿತು. ಧರೆಪ್ಪ ಕಣ್ಣಲ್ಲಿ ನೀರು ತಂದ. ಸಂಶಯ ಕೊರಳವರೆಗೆ ಬಂತು. ಕಲ್ಲಣ್ಣ, ‘ಕಾಕಾ, ನೌಕರಿ ಚಲೋ ಐತ್ರಿ,’ ಎಂದು ಸಣ್ಣಗೆ ಹೇಳಿ ನೋಡಿದ.

‘ನೀ ಬಾಯಿ ಮುಚ್ಚು! ಧರೆಪ್ಪ ಕೊಡಿಸಿದ ನೌಕರಿ ನಮಗ ಬ್ಯಾಡ. ಮಂದ್ರೂಪದಾಗ ಕಬ್ಬಿನ ಗಾಡಿ ಹೊಡಿ, ನಡಿ.’ ಖಂಡಪ್ಪ ಹುಡುಗನ ರಟ್ಟೆ ಹಿಡಿದು ಎಳೆದುಕೊಂಡು ಹೊರಟೇ ಬಿಟ್ಟ. ಧರೆಪ್ಪ ಹಿಂದೆ ಓಡಿದ. ಅವನು ಓಡಿದಷ್ಟೂ ಖಂಡಪ್ಪ ಜೋರಾಗಿ ನಡೆದ.

ಸಾವುಕಾರರ ಕೈಯಲ್ಲಿ ಹಾರ ಹಾಗೇ ಇತ್ತು. ಸೋಮವಾರ ಸರ್ವಿಸು ಹೊರಡಬೇಕಾಗಿತ್ತು. ಅವರು ಆಚೀಚೆ ನೋಡಿ ಅದನ್ನು ಶಿವಶರಣಪ್ಪನ ಕೊರಳಿಗೆ ಹಾಕಿದರು.

ಒಂದು ಕ್ಷಣ ಯಾರಿಗೂ ಏನೂ ತಿಳಿಯಲಿಲ್ಲ. ಆಮೇಲೆ ಎಲ್ಲರಿಗೂ ಒಟ್ಟಿಗೆ ತಿಳಿಯಿತು. ನಾಕಾದ ಸಿಪಾಯಿ ಧರೆಪ್ಪನಿಗೆ ಸಲಾಮು ಹೊಡೆದ. ‘ಭಾರೀ ಡೋಕಾ, ಭಾರೀ ತಲಿ!’ ಎಂದ ಒಬ್ಬ. ‘ಖಂಡಪ್ಪಗ ಬ್ಯಾಡ ಅನ್ನಿಸಾಕ ಅವಗಽ ಕೊಟ್ಟ ನೋಡು!’ ಎಂದ ಇನ್ನೊಬ್ಬ. ಸಾವುಕಾರರು ಬೆರಳೆತ್ತಿ ನಗುತ್ತ ಅವನ ಬೆನ್ನು ತಟ್ಟಿದರು. ಎರಡು ಅಂಕಿಗಳನ್ನು ತಮ್ಮ ಕೈಯಾರೆ ಬರೆದಿದ್ದ ವಿಶ್ವನಾಥರಾಯರು ಕೂಡ ಕಾಗದ ಮಡಚಿ ಜೇಬಿಗಿಡುತ್ತ ತಲೆದೂಗಿದರು.

‘ನಾ ಮೊದಲಽ ಹೇಳಿದ್ದೆ, ಹಳೇ ಡ್ರೈವರ್ ಪಂಚ ಆದ್ರ ಪಕ್ಷಪಾತ ಮಾಡೇ ಮಾಡ್ತಾನಂತ. ಆದರ ಇಷ್ಟು ಛಂದ ಮಾಡ್ತಾನಂತ ಗೊತ್ತಿರಲಿಲ್ಲ ನೋಡ್ರಿ.’

ಧರೆಪ್ಪ ಒಬ್ಬೊಬ್ಬರ ಎದುರೂ ನಿಂತು ತಾನು ನಿಜವನ್ನೇ ಹೇಳಿದೆನೆಂದು ಹೇಳಿದ. ಕೇಳಿದವರೆಲ್ಲ ಕಣ್ಣು ಮಿಟುಕಿಸಿ ಮುಂದೆ ಹೋದರು. ಕೊನೆಗೆ ಉಳಿದವಳು ಗುರುಬಾಯಿ. ನೆಲದಿಂದ ಎದ್ದು, ಸೀರೆಯ ಧೂಳು ಕೊಡವಿಕೊಂಡು, ಗಂಡನನ್ನು ಹೊಸಬನನ್ನು ನೋಡುವಂತೆ ನೋಡುತ್ತಿದ್ದಳು.

‘ಇಪ್ಪತ್ತೈದು ವರ್ಷ ಸಂಸಾರ ಮಾಡೀನಿ. ನಿಮಗ ಇಷ್ಟು ಬುದ್ಧಿ ಐತಂತ ನನಗೂ ಗೊತ್ತಾಗಲಿಲ್ಲ ನೋಡ್ರಿ.’

‘ಬುದ್ಧಿ ಅಲ್ಲ ಮಾರಾಯ್ತಿ! ಸ್ವಾಮಿಗಳ ಆಣಿ, ನಾ ಖರೇನಽ ಹೇಳಿದೆ. ಕಲ್ಲಣ್ಣನಽ ಗೆದ್ದಿದ್ದ!’

ಗುರುಬಾಯಿ ಅತ್ತಿತ್ತ ನೋಡಿದಳು. ಹತ್ತಿರ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಸೆರಗು ಬಾಯಿಗೆ ಅಡ್ಡ ಹಿಡಿದು, ಮೆಲ್ಲಗೆ ಹೇಳಿದಳು:

‘ಹಾಂ, ಹಂಗಽ ಹೇಳ್ರಿ. ಯಾರು ಕೇಳಿದ್ರೂ ಹಂಗಽ ಹೇಳ್ರಿ.’